ಹಂಪೆಯಲ್ಲಿ ನೋಟ ತನ್ನಿಚ್ಛೆ

ಹೊಸಪೇಟೆಯಿಂದ ಹಂಪೆಗೆ ಸುಮಾರು 13 ಕಿಲೋಮೀಟರು. ಬೆಳಗಿನ ಜಾವ ಈ ಹಾದಿಯಲ್ಲಿ ಹೊರಡುವ ಆಟೋರಿಕ್ಷಾಗಳಲ್ಲಿ ಕುಳಿತವರ ಮಡಿಲನ್ನು ಗಮನಿಸಿದರೆ, ಯಾತ್ರಿಕರ ಗುರುತಾದ ಹಣ್ಣುಕಾಯಿಯ ಬುಟ್ಟಿ ಕಾಣುವುದು ಅಪರೂಪ. ಕ್ಯಾಮೆರಾದ ಚೀಲ ಕಾಣುವುದೇ ಹೆಚ್ಚು. ಬಾಳೆಯ ತೋಟಗಳು ಹಿಂದೆ ಸರಿದು ಬಂಡೆಗಳ ನಾಡು ತೆರೆದುಕೊಳ್ಳುವ ಹೊತ್ತಿಗೆ ಮತಂಗ ಪರ್ವತದ ಮೆಟ್ಟಿಲುಗಳ ಮೇಲೆ ಟಾರ್ಚಿನ ಬೆಳಕುಗಳು ಸಾಲುಗಟ್ಟಿ ಏರುತ್ತಿರುತ್ತವೆ. ಅರುಣೋದಯವನ್ನು ಸೆರೆಹಿಡಿಯಲು ಹೊರಟವರ ಸೈನ್ಯವದು.

ಹಂಪೆಯ ಬೆಳಕು ಛಾಯಾಗ್ರಾಹಕನನ್ನು ಮೋಹಗೊಳಿಸುವಂತೆಯೇ ಪರೀಕ್ಷೆಗೂ ಗುರಿಮಾಡುತ್ತದೆ. ಸೂರ್ಯ ಮೂಡುವಾಗ ಹೊಂಬಣ್ಣ ತಳೆದ ಬಂಡೆ, ಹತ್ತು ಗಂಟೆಯ ಹೊತ್ತಿಗೆ ಕಣ್ಣು ಕೋರೈಸುವಷ್ಟು ಬೆಳ್ಳಗಾಗುತ್ತದೆ. ಅದರ ಪಕ್ಕದ ಮಂಟಪದೊಳಗೆ ಕಾಲಿಟ್ಟರೆ, ಕಂಬದ ಮೇಲಿನ ಶಿಲ್ಪ ತೋರಬೇಕಾದರೆ ಕಣ್ಣು ಕತ್ತಲೆಗೆ ಪಳಗಬೇಕು. 1565ರ ಯುದ್ಧದ ಬಳಿಕ ಹಾಳುಬಿದ್ದು, 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ನಗರದಲ್ಲಿ ಬಿಸಿಲಿಗೂ ಕತ್ತಲೆಗೂ ನಡುವಿನ ಅಂತರ ಒಂದೇ ಹೆಜ್ಜೆ. ಮನುಷ್ಯನ ಕಣ್ಣು ಆ ಹೆಜ್ಜೆಯನ್ನು ಅನಾಯಾಸವಾಗಿ ದಾಟುತ್ತದೆ. ಕ್ಯಾಮೆರಾ ಎಡವುತ್ತದೆ.

ಚಳಿಗಾಲದ ಒಂದು ಮುಂಜಾನೆ ಹೀಗೆ ಹಂಪೆಗೆ ಬಂದವರಲ್ಲಿ ತುಮಕೂರಿನ ಒಂದು ಕುಟುಂಬವೂ ಇತ್ತು. ಅಂಚೆ ಇಲಾಖೆಯಿಂದ ನಿವೃತ್ತರಾದ ಎಪ್ಪತ್ತರ ಗಡಿಯ ತಂದೆ, ಮಂಡಿನೋವಿನ ತಾಯಿ, ಶಾಲೆಯಲ್ಲಿ ಉಪಾಧ್ಯಾಯಿನಿಯಾದ ಮಗಳು, ಬೆಂಗಳೂರಿನಲ್ಲಿ ಇಂಜಿನಿಯರಾದ ಮಗ. ದಂಪತಿಗಳಿಗೆ ಹಂಪೆ ಹೊಸದಲ್ಲ. 1984ರಲ್ಲಿ, ಮದುವೆಯಾದ ಹೊಸದರಲ್ಲಿ, ಸ್ನೇಹಿತರಿಂದ ಎರವಲು ತಂದ ಆಗ್ಫಾ ಕ್ಲಿಕ್ 3 ಎಂಬ ಕ್ಯಾಮೆರಾವನ್ನು ಕೊರಳಿಗೆ ತೂಗಿಹಾಕಿಕೊಂಡು ಅವರು ಇಲ್ಲಿಗೆ ಬಂದಿದ್ದರು. ಒಂದು ಸುರುಳಿಗೆ ಹನ್ನೆರಡು ಚಿತ್ರ. ಬಿಸಿಲು, ಮೋಡ ಎಂಬ ಗುರುತುಗಳನ್ನು ಬಿಟ್ಟರೆ ಅದರಲ್ಲಿ ತಿರುಗಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ಆ ಹನ್ನೆರಡರಲ್ಲಿ ಇಂದಿಗೆ ಉಳಿದಿರುವುದು ಒಂದೇ ಚಿತ್ರ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ನಿಂತ ನವವಧು. ರಥದ ಅಂಚುಗಳು ಸ್ಫುಟವಾಗಿವೆ, ಆಕಾಶ ನಿರ್ಮಲವಾಗಿದೆ. ಆದರೆ ಆಕೆಯ ಮುಖ ಮಾತ್ರ ಮಸಿಯಂತೆ ಕಪ್ಪು. ಸೂರ್ಯ ಬೆನ್ನ ಹಿಂದಿದ್ದುದೇ ಅದಕ್ಕೆ ಕಾರಣ. “ಇವರು ಯಾರನ್ನೋ ನಿಲ್ಲಿಸಿ ತೆಗೆದರು, ಅದು ನಾನಲ್ಲ” ಎಂದು ಆಕೆ ನಾಲ್ಕು ದಶಕಗಳಿಂದ ನೆಂಟರ ಮುಂದೆ ನಗುತ್ತಲೇ ಹೇಳುತ್ತ ಬಂದಿದ್ದರು. ಪತಿ ನಗುತ್ತಿರಲಿಲ್ಲ. ಅದೇ ಜಾಗದಲ್ಲಿ ಮತ್ತೊಮ್ಮೆ ಆಕೆಯ ಚಿತ್ರ ತೆಗೆಯಬೇಕೆಂಬ ಹಂಬಲವೇ ಈ ಪ್ರವಾಸಕ್ಕೆ ಪ್ರೇರಣೆ.

ಅಡ್ಡಿಯೊಂದಿತ್ತು. ಎರಡು ವರ್ಷಗಳ ಹಿಂದೆ ಮಗ ಪ್ರೀತಿಯಿಂದ ತಂದುಕೊಟ್ಟ ದೊಡ್ಡ ಡಿಜಿಟಲ್ ಕ್ಯಾಮೆರಾ, ಲೆನ್ಸೂ ಸೇರಿ ಸುಮಾರು ಎರಡು ಕಿಲೋ ತೂಗುತ್ತಿತ್ತು. ತಂದೆಯ ಕೈಯಲ್ಲಿ ಸಣ್ಣ ನಡುಕ ಕಾಣಿಸಿಕೊಂಡಿತ್ತು. ತೆಗೆದ ಚಿತ್ರವೆಲ್ಲ ಕದಲಿ ಬರುವುದನ್ನು ಕಂಡು, “ನನ್ನ ಕೈ ಹೋಯಿತು” ಎಂದು ಅದನ್ನು ಬೀರುವಿನಲ್ಲಿಟ್ಟ ಅವರು ಮತ್ತೆ ಹೊರತೆಗೆದಿರಲಿಲ್ಲ.

ಕತ್ತಲೆಯ ಕೋಣೆ

ಮಗ ಮತಂಗ ಪರ್ವತ ಏರಿದ. ಉಳಿದವರು ವಿರೂಪಾಕ್ಷನ ದರ್ಶನಕ್ಕೆ ನಡೆದರು. ಸುಮಾರು 50 ಮೀಟರು ಎತ್ತರದ ಪೂರ್ವದ ಗೋಪುರವನ್ನು ತಲೆಯೆತ್ತಿ ನೋಡಿದವರೆಲ್ಲ ಗರ್ಭಗುಡಿಯ ಹಿಂಬದಿಗೆ ಹೋಗುವುದಿಲ್ಲ. ಹೋದವರಿಗೆ ಅಲ್ಲೊಂದು ಕೌತುಕ ಕಾದಿರುತ್ತದೆ. ಕತ್ತಲೆಯ ಪುಟ್ಟ ಕೋಣೆ, ಗೋಡೆಯಲ್ಲೊಂದು ಕಿರುಗಂಡಿ. ಅದರ ಎದುರಿನ ಗೋಡೆಯ ಮೇಲೆ ಆ ಮಹಾಗೋಪುರದ ಬಿಂಬ ತಲೆಕೆಳಗಾಗಿ ಬಿದ್ದಿರುತ್ತದೆ.

ಇದು ಪವಾಡವಲ್ಲ, ಬೆಳಕು ನೇರವಾಗಿ ಚಲಿಸುವುದರ ಫಲ. ಗೋಪುರದ ಶಿಖರದಿಂದ ಹೊರಟ ಕಿರಣ ಕಿಂಡಿಯನ್ನು ದಾಟಿ ಗೋಡೆಯ ಕೆಳಭಾಗವನ್ನು ಮುಟ್ಟುತ್ತದೆ. ಬುಡದಿಂದ ಹೊರಟದ್ದು ಮೇಲ್ಭಾಗವನ್ನು ಮುಟ್ಟುತ್ತದೆ. ಜಗತ್ತಿನ ಎಲ್ಲ ಕ್ಯಾಮೆರಾಗಳ ಮೂಲತತ್ತ್ವ ಇಷ್ಟೇ: ಒಂದು ಕತ್ತಲೆಯ ಕೋಣೆ, ಒಂದು ಕಿಂಡಿ, ಬಿಂಬ ಬೀಳಲು ಒಂದು ಗೋಡೆ. ಕಿಂಡಿಯಲ್ಲಿ ಗಾಜನ್ನು ಕೂರಿಸಿದರೆ ಅದು ಲೆನ್ಸು. ಗೋಡೆಯ ಸ್ಥಾನದಲ್ಲಿ ಫಿಲ್ಮು ಇದ್ದ ಕಾಲ ಹೋಗಿ ಈಗ ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸುವ ಸೆನ್ಸರು ಬಂದಿದೆ. 1975ರಲ್ಲಿ ಅಮೆರಿಕದ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರೂಪಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿನ ಮೇಲೆ ಬರೆದಿಡಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು.

ಹಂಪೆಯ ಮಟ್ಟಿಗೆ ಕ್ಯಾಮೆರಾದ ಚರಿತ್ರೆ ಅದಕ್ಕಿಂತ ಬಹಳ ಹಿಂದಕ್ಕೆ ಹೋಗುತ್ತದೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವುಗಳ ಮೇಲೆ ಈ ಅವಶೇಷಗಳನ್ನು ಚಿತ್ರಿಸಿದ. ಕಾಗದದ ಮೇಲೆ ಬಿಂಬ ಮೂಡಲು ದೀರ್ಘಕಾಲ ಬೆಳಕು ಬೀಳಬೇಕಾಗಿದ್ದ ಕಾಲವದು. ನಡೆದಾಡುವ ಮನುಷ್ಯನನ್ನು, ಹಾರುವ ಹಕ್ಕಿಯನ್ನು ಹಿಡಿಯುವುದು ಆ ಉಪಕರಣದ ಧರ್ಮವಲ್ಲ; ಅಲುಗದ ಕಲ್ಲು ಅದಕ್ಕೆ ತಕ್ಕ ವಸ್ತುವಾಗಿತ್ತು. 1983ರಲ್ಲಿ ಆಸ್ಟ್ರೇಲಿಯದ ವಾಸ್ತುಶಿಲ್ಪ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅದೇ ನೋಟಗಳನ್ನು ಮತ್ತೆ ತೆಗೆದರು. ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಶತಮಾನವೊಂದು ಕಲ್ಲಿನ ಮೇಲೆ ಹೇಗೆ ಹರಿದುಹೋಗಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಮಗಳು ಈ ಸಂಗತಿಯನ್ನು ಹೇಳಿದಾಗ ತಂದೆ ಬಹಳ ಹೊತ್ತು ಗೋಡೆಯ ಮೇಲಿನ ತಲೆಕೆಳಗಾದ ಗೋಪುರವನ್ನು ನೋಡುತ್ತ ನಿಂತರು. “ಅದೇ ಜಾಗ ಅಂದೆಯಲ್ಲವೇ?” ಎಂದಷ್ಟೇ ಕೇಳಿದರು.

ಯಾರಿಗೆ ಯಾವುದು?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬುದು ಗಾದೆ. ಕ್ಯಾಮೆರಾವನ್ನು ಕೊಳ್ಳುವವರು ಬಹುಮಟ್ಟಿಗೆ ಈ ಗಾದೆಯನ್ನೇ ಅನುಸರಿಸುತ್ತಾರೆ. ಪರರು ಮೆಚ್ಚಿದ್ದನ್ನು ಕೊಳ್ಳುತ್ತಾರೆ. ಹಂಪೆಯಲ್ಲಿ ಒಂದು ದಿನ ಸುತ್ತಾಡಿದರೆ ಈ ವಿಷಯದಲ್ಲಿ ಗಾದೆಯನ್ನು ತಿರುಗಿಸಬೇಕೆಂಬುದು ಮನವರಿಕೆಯಾಗುತ್ತದೆ.

ಹಜಾರರಾಮ ದೇವಾಲಯದ ಗೋಡೆಗಳ ಮುಂದೆ ಕುಳಿತು ರಾಮಾಯಣದ ಕಥಾಶಿಲ್ಪವನ್ನು ಒಂದೊಂದಾಗಿ ತೆಗೆಯುವವರಿದ್ದಾರೆ. ಅವರಿಗೆ ಅವಸರವಿಲ್ಲ, ಕಲ್ಲಿನ ಪ್ರತಿಯೊಂದು ಉಳಿಯೇಟೂ ಕಾಣಬೇಕು. 36 ಮಿಲಿಮೀಟರಿಗೆ 24 ಮಿಲಿಮೀಟರಿನ, ‘ಫುಲ್ ಫ್ರೇಮ್’ ಎನಿಸಿಕೊಂಡ ದೊಡ್ಡ ಸೆನ್ಸರಿನ ಕ್ಯಾಮೆರಾ ಅವರಿಗೆ ಒಪ್ಪುತ್ತದೆ. ನೆರಳಿನ ಒಳಗಿನ ವಿವರವನ್ನೂ ಬಿಸಿಲಿನ ಬೆಳ್ಪನ್ನೂ ಒಂದೇ ಚಿತ್ರದಲ್ಲಿ ಹಿಡಿದಿಡುವ ಶಕ್ತಿ ಅದಕ್ಕೆ ಹೆಚ್ಚು. ಭಾರವೂ ಹೆಚ್ಚು, ಬೆಲೆಯೂ ಹೆಚ್ಚು. ಟ್ರೈಪಾಡನ್ನು ನೆಚ್ಚಿಕೊಂಡು ಬಂದವರು ಮಾತ್ರ ಪುರಾತತ್ತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು.

ದರೋಜಿಯ ಕರಡಿಧಾಮಕ್ಕೆ ಹೋಗುವವರ ಸಂಗತಿ ಬೇರೆ. ಸಂಜೆ ಬಂಡೆಗಳ ನಡುವಿನಿಂದ ಹೊರಬರುವ ಕರಡಿಯ ಹತ್ತಿರ ಯಾರೂ ಹೋಗುವಂತಿಲ್ಲ. ದೂರವನ್ನು ಲೆನ್ಸೇ ನುಂಗಬೇಕು. ಇಲ್ಲಿ ಸೆನ್ಸರು ಸ್ವಲ್ಪ ಚಿಕ್ಕದಿದ್ದರೆ ಅನುಕೂಲವುಂಟು. ‘ಎಪಿಎಸ್-ಸಿ’ ಎಂಬ ಅಳತೆಯ ಸೆನ್ಸರಿನ ಮುಂದೆ 300 ಮಿಲಿಮೀಟರಿನ ಲೆನ್ಸು, ಫುಲ್ ಫ್ರೇಮಿನ ಮೇಲೆ ಸುಮಾರು 450 ಮಿಲಿಮೀಟರಿನದು ತೋರುವಷ್ಟೇ ಕಿರಿದಾದ ನೋಟವನ್ನು ತೋರುತ್ತದೆ. ಕಡಮೆ ಭಾರ, ಕಡಮೆ ಖರ್ಚು.

ಬಜಾರಿನ ಹೂವಾಡಗಿತ್ತಿ, ಹರಿಗೋಲಿನ ಅಂಬಿಗ, ತುಂಗಭದ್ರೆಯಲ್ಲಿ ಮೀಯುವ ಮಕ್ಕಳು, ಇವರ ಚಿತ್ರ ಬಯಸುವವರಿಗೆ ದೊಡ್ಡ ಕ್ಯಾಮೆರಾ ಶತ್ರುವೇ ಸರಿ. ಅದನ್ನು ಕಂಡೊಡನೆ ಮುಖಗಳು ಬಿಗಿಯುತ್ತವೆ. ಅಂಥವರಿಗೆ ಅಂಗೈಯಲ್ಲಿ ಅಡಗುವ, ಸದ್ದು ಮಾಡದ, ಹಗುರವಾದ ಕ್ಯಾಮೆರಾ ಲೇಸು. ಇನ್ನು ಮನೆಮಂದಿಗೆ ಕಳುಹಿಸುವ ನೆನಪಿನ ಚಿತ್ರವಷ್ಟೇ ಸಾಕೆನ್ನುವವರಿಗೆ ಜೇಬಿನ ಫೋನೇ ಸಾಕು, ಅದಕ್ಕಾಗಿ ನಾಚಬೇಕಾದ್ದಿಲ್ಲ.

ಆದುದರಿಂದ ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೆಗಾಪಿಕ್ಸೆಲ್ಲಿನವಲ್ಲ. ತೆಗೆಯಬೇಕೆಂದಿರುವುದು ಏನನ್ನು? ಎಂಥ ಬೆಳಕಿನಲ್ಲಿ? ಎಷ್ಟು ದೂರ ಹೊತ್ತು ನಡೆಯಬೇಕು? ಹಿಡಿಯುವ ಕೈ ಎಂಥದು? ಈ ನಾಲ್ಕಕ್ಕೆ ಉತ್ತರ ದೊರೆತರೆ ಕ್ಯಾಮೆರಾ ತಾನಾಗಿಯೇ ನಿಶ್ಚಯವಾಗುತ್ತದೆ. ಒಂದೆರಡು ದಿನ ಬಾಡಿಗೆಗೆ ತಂದು ನೋಡುವುದು ಇನ್ನೂ ಉತ್ತಮ. ಹಣ ಮಿತವಾಗಿದ್ದರೆ ಕ್ಯಾಮೆರಾಕ್ಕಿಂತ ಲೆನ್ಸಿಗೆ ಹೆಚ್ಚು ಕೊಡುವುದು ಜಾಣತನ. ಕ್ಯಾಮೆರಾ ಹಳತಾಗುತ್ತದೆ, ಒಳ್ಳೆಯ ಲೆನ್ಸು ಬಹುಕಾಲ ಬಾಳುತ್ತದೆ.

ವಸತಿಗೃಹದ ಸಂಜೆ

ಆ ಸಂಜೆ ಹೊಸಪೇಟೆಯ ವಸತಿಗೃಹದ ಮೊಗಸಾಲೆಯಲ್ಲಿ ತಾಯಿ ಕಡಲೆಕಾಯಿ ಬಿಡಿಸುತ್ತ ಕುಳಿತಿದ್ದರು. ಮಗ ಬೆಳಗಿನ ಸೂರ್ಯೋದಯದ ಚಿತ್ರಗಳನ್ನು ತೋರಿಸಿದ. ನಿಜಕ್ಕೂ ಸೊಗಸಾಗಿದ್ದವು. “ಅಪ್ಪ, ನಾಳೆ ನಿಮ್ಮ ದೊಡ್ಡ ಕ್ಯಾಮೆರಾದಲ್ಲೇ ತೆಗೆಯಿರಿ. ಅದರಲ್ಲಿ ಬಾರದ ಚಿತ್ರವೇ ಇಲ್ಲ” ಎಂದ. ತಂದೆ ಮಾತಾಡಲಿಲ್ಲ.

ಮಗಳು ಕೇಳಿದಳು: “ಅಪ್ಪ, ನಿಮಗೆ ಏನು ತೆಗೆಯಬೇಕು?”

“ನಿಮ್ಮ ಅಮ್ಮನ ಮುಖ.”

“ಮತ್ತೇನೂ ಬೇಡವೇ?”

“ಮತ್ತೇನೂ ಬೇಡ.”

ಆಕೆ ಎದ್ದುಹೋಗಿ ತನ್ನ ಚಿಕ್ಕ ಕ್ಯಾಮೆರಾವನ್ನು ತಂದಳು. ಲೆನ್ಸೂ ಸೇರಿ ಅರ್ಧ ಕಿಲೋ ತೂಕ. ಅಂದಿನ ಒಂದು ಗಂಟೆಯಲ್ಲಿ ಅವಳು ಮಾಡಿದ್ದು, ಕ್ಯಾಮೆರಾವನ್ನು ತನ್ನಿಂದ ಬಿಡಿಸಿ ತಂದೆಗೆ ಒಗ್ಗಿಸುವ ಕೆಲಸ.

ಮೊದಲನೆಯದು ಕಣ್ಣು. ವ್ಯೂಫೈಂಡರಿನ ಪಕ್ಕದಲ್ಲಿರುವ ಪುಟ್ಟ ತಿರುಗಣೆಯನ್ನು ಎಷ್ಟೋ ಜನ ವರ್ಷಗಟ್ಟಲೆ ಮುಟ್ಟಿಯೇ ಇರುವುದಿಲ್ಲ. ಅದನ್ನು ಒಳಗಿನ ಅಕ್ಷರಗಳು ಸ್ಪಷ್ಟವಾಗುವವರೆಗೆ ತಿರುಗಿಸಿದಾಗ ತಂದೆ, “ಓಹೋ” ಎಂದರು. ಮಂಜಾಗಿದ್ದುದು ಚಿತ್ರವಲ್ಲ, ನೋಡುವ ಕಿಂಡಿ.

ಎರಡನೆಯದು ಬೆಳಕಿನ ಲೆಕ್ಕ. ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳನ್ನು ಹಿಂದಿನ ದಿನವಷ್ಟೇ ಎಲ್ಲರೂ ನೋಡಿ ಬಂದಿದ್ದರು. ನೀರು ಎಷ್ಟು ಹೊರಬರುವುದೆಂಬುದು ಬಾಗಿಲು ಎಷ್ಟು ತೆರೆದಿದೆ, ಎಷ್ಟು ಹೊತ್ತು ತೆರೆದಿದೆ ಎಂಬುದರ ಮೇಲೆ ನಿಂತಿದೆಯಲ್ಲವೆ? ಕ್ಯಾಮೆರಾದಲ್ಲಿ ಬಾಗಿಲಿನ ಅಗಲ ಅಪರ್ಚರು. ತೆರೆದಿರುವ ಹೊತ್ತು ಷಟರಿನ ವೇಗ. ಮೂರನೆಯದಾದ ಐಎಸ್‌ಓ ಎಂಬುದು ಬಂದ ಬೆಳಕನ್ನು ಹಿಗ್ಗಿಸಿ ತೋರುವ ಮಾಪನ. ಅದನ್ನು ಏರಿಸಿದಂತೆಲ್ಲ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳುಗಳು ಹೆಚ್ಚುತ್ತವೆ.

ನಡುಗುವ ಕೈಗೆ ಮುಖ್ಯವಾದುದು ವೇಗ. ಹೊತ್ತು ಕಿರಿದಾದಷ್ಟೂ ನಡುಕಕ್ಕೆ ಅವಕಾಶ ಕಡಮೆ. ಷಟರು ಸೆಕೆಂಡಿನ 250ರಲ್ಲಿ ಒಂದು ಭಾಗಕ್ಕಿಂತ ನಿಧಾನವಾಗದಂತೆ, ಬೆಳಕು ಸಾಲದಾದಾಗ ಐಎಸ್‌ಓ ತಾನೇ 6400ರವರೆಗೆ ಏರುವಂತೆ ಮಗಳು ಕಟ್ಟಳೆ ಮಾಡಿದಳು. “ಕಾಳು ಬೀಳುವುದಿಲ್ಲವೇ ಅಕ್ಕ?” ಎಂದು ತಮ್ಮ ಆಕ್ಷೇಪಿಸಿದ. “ಬೀಳಲಿ. ಕಾಳು ಬಿದ್ದ ಮುಖ ಗುರುತು ಸಿಗುತ್ತದೆ, ಕದಲಿದ ಮುಖ ಸಿಗುವುದಿಲ್ಲ” ಎಂದಳು. ಕೈಯ ಅಲುಗಾಟವನ್ನು ಸರಿದೂಗಿಸುವ ಏರ್ಪಾಡು ಕ್ಯಾಮೆರಾದಲ್ಲೇ ಇತ್ತು. ಆದರೆ ಅದು ಹಿಡಿದವರ ನಡುಕವನ್ನಷ್ಟೇ ತಡೆಯಬಲ್ಲುದು, ಎದುರಿಗಿರುವವರ ಚಲನೆಯನ್ನಲ್ಲ. ವೇಗದ ಕಟ್ಟಳೆ ಎರಡಕ್ಕೂ ಮದ್ದು.

ಫೋಕಸು ಮುಖವನ್ನು, ಮುಖದಲ್ಲಿ ಕಣ್ಣನ್ನು ತಾನೇ ಹುಡುಕುವಂತೆ ಮಾಡಿದ್ದಾಯಿತು. ಬೇಡದ ಸದ್ದುಗಳನ್ನು ಅಡಗಿಸಿದ್ದಾಯಿತು. ಚಿತ್ರ ಎರಡು ಬಗೆಯಲ್ಲಿ, ಒಡನೆಯೇ ನೋಡಬಹುದಾದ ‘ಜೆಪೆಗ್’ ಆಗಿಯೂ, ಮುಂದೆ ತಿದ್ದಲು ಹೆಚ್ಚು ಆಸ್ಪದ ಕೊಡುವ ‘ರಾ’ ಆಗಿಯೂ ಉಳಿಯುವಂತಾಯಿತು. ಕಡೆಗೆ ಈ ಎಲ್ಲ ಏರ್ಪಾಡುಗಳನ್ನು ‘ಸಿ 1’ ಎಂಬ ಒಂದೇ ಗುರುತಿನ ಕೆಳಗೆ ಕೂಡಿಟ್ಟಳು. ತಿರುಗಣೆಯನ್ನು ಅಲ್ಲಿಗೆ ತಂದರೆ ಸಾಕು, ಕ್ಯಾಮೆರಾ ತಂದೆಯದಾಗುತ್ತದೆ.

“ಒಂದನ್ನು ಮಾತ್ರ ನಿಮಗೆ ಬಿಟ್ಟಿದ್ದೇನೆ ಅಪ್ಪ” ಎಂದು ಮೇಲ್ಭಾಗದ ಇನ್ನೊಂದು ತಿರುಗಣೆಯನ್ನು ತೋರಿಸಿದಳು. ಅದರ ಮೇಲೆ ಕೂಡು, ಕಳೆ ಗುರುತುಗಳು. ಕ್ಯಾಮೆರಾದ ಅಳತೆಗೋಲು ಕಂಡದ್ದನ್ನೆಲ್ಲ ನಡುತರದ ಬೂದುಬಣ್ಣಕ್ಕೆ ಎಳೆಯಲು ನೋಡುತ್ತದೆ. ಹಿನ್ನೆಲೆಯಲ್ಲಿ ಹೊಳೆಯುವ ಆಕಾಶವಿದ್ದರೆ ಅದನ್ನು ಮಂಕಾಗಿಸುವ ಭರದಲ್ಲಿ ಮುಂದೆ ನಿಂತವರ ಮುಖವನ್ನು ಕತ್ತಲೆಗೆ ನೂಕುತ್ತದೆ. ಆಗ ಮನುಷ್ಯ ತನ್ನ ವಿವೇಕದಿಂದ ಒಂದೆರಡು ಗೆರೆ ಕೂಡಿನ ಕಡೆಗೆ ತಿರುಗಿಸಬೇಕು.

ತಂದೆ ಗೋಡೆಗೆ ಒರಗಿ, ಮೊಳಕೈಗಳನ್ನು ಪಕ್ಕೆಗೆ ಒತ್ತಿ, ಕೊರಳಿನ ಪಟ್ಟಿ ಬಿಗಿಯಾಗುವಂತೆ ಕ್ಯಾಮೆರಾವನ್ನು ಮುಂದಕ್ಕೆ ಹಿಡಿದರು. ಕಡಲೆಕಾಯಿ ಬಿಡಿಸುವ ಕೈಗಳ ಒಂದು ಚಿತ್ರ ತೆಗೆದರು. ದೊಡ್ಡದು ಮಾಡಿ ನೋಡಿದರು. ಬೆರಳಿನ ಉಂಗುರ ಸ್ಫುಟವಾಗಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಸಂದರ್ಭದಲ್ಲಿ ನೆಲವೇ ಡೊಂಕಾಗಿತ್ತು. ದೂರು ಮಾತ್ರ ಕಾಲಿನ ಮೇಲೆ ಬಿದ್ದಿತ್ತು.

ಅದೇ ಜಾಗ, ಅದೇ ಹೊತ್ತು

ಮರುದಿನ ಬೆಳಿಗ್ಗೆ ಬ್ಯಾಟರಿ ಗಾಡಿಯಲ್ಲಿ ಕುಳಿತು ಅವರು ವಿಠ್ಠಲ ದೇವಾಲಯಕ್ಕೆ ಬಂದರು. ದೇವಾಲಯ ಪೂರ್ವಾಭಿಮುಖ, ಅದರ ಮುಂದೆ ಗರುಡನ ಗುಡಿಯಾದ ಕಲ್ಲಿನ ರಥ. ಪೂರ್ವದ ಬಾಗಿಲಿನ ಬಳಿ ನಿಂತು ಪಶ್ಚಿಮಕ್ಕೆ ನೋಡಿದರೆ ಬೆಳಗಿನ ಬಿಸಿಲು ರಥದ ಮೇಲೆ ನೇರವಾಗಿ ಬೀಳುತ್ತದೆ. ಮಗ ಅಲ್ಲಿಂದ ತೆಗೆದ ಚಿತ್ರ ನಿರ್ದುಷ್ಟವಾಗಿತ್ತು. 2017ರಲ್ಲಿ ಬಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಈ ರಥವನ್ನು ಕಂಡವರು ಒಡನೆಯೇ ಗುರುತಿಸುವಂತಿತ್ತು. “ಅಮ್ಮನನ್ನು ಇಲ್ಲಿಗೆ ಕರೆತನ್ನಿ ಅಪ್ಪ. ಮುಖದ ಮೇಲೆ ಚೆನ್ನಾಗಿ ಬೆಳಕು ಬೀಳುತ್ತದೆ” ಎಂದು ಕೂಗಿದ.

ಅವನ ಮಾತು ಶಾಸ್ತ್ರಸಮ್ಮತವೇ. ಆದರೆ ತಂದೆ ಒಪ್ಪಲಿಲ್ಲ. ಅವರು ಜೇಬಿನಿಂದ ಕಟ್ಟು ಮಾಸಿದ ಹಳೆಯ ಚಿತ್ರವನ್ನು ತೆಗೆದು, ಮಹಾಮಂಟಪದ ಮೆಟ್ಟಿಲ ಬಳಿ ನಿಂತು, ರಥದ ಚಕ್ರವೂ ಹಿಂದಿನ ಗೋಪುರದ ಅಂಚೂ ಹಳೆಯ ಚಿತ್ರದಲ್ಲಿದ್ದಂತೆ ಹೊಂದುವವರೆಗೆ ಎರಡು ಹೆಜ್ಜೆ ಎಡಕ್ಕೆ, ಅರ್ಧ ಹೆಜ್ಜೆ ಹಿಂದಕ್ಕೆ ಸರಿದರು. ಅಂದು ಆಕೆ ಚಕ್ರದ ಮೇಲೆ ಕೈಯಿಟ್ಟು ನಿಂತಿದ್ದರು. ಈಗ ರಥವನ್ನು ಮುಟ್ಟುವಂತಿಲ್ಲ. ಸ್ವಲ್ಪ ಈಚೆಗೆ, ಮಗಳ ತೋಳು ಹಿಡಿದು ಬಂದು ನಿಂತರು. ಸೂರ್ಯ ಅಂದಿನಂತೆಯೇ ಬೆನ್ನ ಹಿಂದೆ.

“ನಲವತ್ತು ವರ್ಷದ ಹಿಂದಿನ ಮುಖವನ್ನು ಕತ್ತಲೆಗೆ ಹಾಕಿದಿರಿ. ಈ ಸುಕ್ಕುಗಟ್ಟಿದ ಮುಖಕ್ಕೆ ಈಗ ಬೆಳಕೇಕೆ ರೀ?” ಎಂದು ಆಕೆ ನಕ್ಕರು.

ಅವರು ಉತ್ತರಿಸಲಿಲ್ಲ. ತಿರುಗಣೆಯನ್ನು ‘ಸಿ 1’ಕ್ಕೆ ತಂದರು. ಇನ್ನೊಂದನ್ನು ಕೂಡಿನ ಕಡೆಗೆ ಒಂದು ಗೆರೆ, ಮತ್ತೊಂದು ಗೆರೆ ತಿರುಗಿಸಿದರು. ಹತ್ತಿರದ ಕಂಬವೊಂದಕ್ಕೆ ಭುಜವನ್ನು ಆನಿಸಬೇಕೆಂದರೆ ಜಾಗ ತಪ್ಪುತ್ತಿತ್ತು. ಹಾಗೆಯೇ ನಿಂತು, ಕೊರಳಿನ ಪಟ್ಟಿಯನ್ನು ಬಿಗಿಮಾಡಿ, ಅರ್ಧ ಉಸಿರು ಬಿಟ್ಟು ಗುಂಡಿಯನ್ನು ಒತ್ತಿದರು. ಆಕೆ ಅದೇ ಕ್ಷಣದಲ್ಲಿ ಗಾಳಿಗೆ ಹಾರಿದ ಸೆರಗನ್ನು ಹಿಡಿಯಲು ಕೈಯೆತ್ತಿದ್ದರು.

ಮಗ ಓಡಿಬಂದು ಪರದೆಯನ್ನು ನೋಡಿದ. ಆಕಾಶದ ಭಾಗವೆಲ್ಲ ಮಿಣಮಿಣ ಮಿನುಗುತ್ತಿತ್ತು. ಬೆಳಕು ಅತಿಯಾಗಿ ವಿವರ ಅಳಿದುಹೋದ ಕಡೆ ಕ್ಯಾಮೆರಾ ಕೊಡುವ ಎಚ್ಚರಿಕೆ ಅದು. “ಆಕಾಶ ಪೂರ್ತಿ ಬೆಳ್ಳಗಾಯಿತಲ್ಲ ಅಪ್ಪ!”

“ನಾನು ಆಕಾಶ ನೋಡಲು ಬಂದವನಲ್ಲ” ಎಂದರು ತಂದೆ.

ಬೆಳ್ಳಗಾದ ಆ ಆಕಾಶದ ಕೆಳಗೆ ಆಕೆಯ ಮುಖವಿತ್ತು. ಹುಬ್ಬಿನ ನಡುವಿನ ಕುಂಕುಮ, ಕನ್ನಡಕದ ಹಿಂದಿನ ಕಣ್ಣು, ನಗುವಿನಿಂದ ಮಡಿಕೆಯಾದ ಕೆನ್ನೆ ಎಲ್ಲವೂ ಸ್ಫುಟವಾಗಿದ್ದವು. ಆಕೆ ಕನ್ನಡಕವನ್ನು ಮೇಲೇರಿಸಿ ಬಹಳ ಹೊತ್ತು ನೋಡಿದರು. ಬಳಿಕ ಹಳೆಯ ಚಿತ್ರವನ್ನು ಕೈಗೆ ತೆಗೆದುಕೊಂಡರು. ಅದರಲ್ಲಿಯೂ ಆ ಕಪ್ಪು ಆಕೃತಿಯ ಒಂದು ಕೈ, ಹಾರುವ ಸೆರಗಿನ ಕಡೆಗೆ ಎದ್ದಿತ್ತು. ಇಷ್ಟು ವರ್ಷ ಅದನ್ನು ಯಾರೂ ಗಮನಿಸಿರಲಿಲ್ಲ.

“ಹಾಗಾದರೆ ಇದು ನಾನೇ” ಎಂದರು.

ಹಿಂದಿರುಗುವಾಗ ಬ್ಯಾಟರಿ ಗಾಡಿಯಲ್ಲಿ ಮಗನ ಕಾಲಬಳಿ ದೊಡ್ಡ ಕ್ಯಾಮೆರಾದ ಚೀಲವಿತ್ತು. ಸಂಜೆ ದರೋಜಿಯ ಕರಡಿಗಳಿಗೆ ಅದೇ ಬೇಕು; ತಂದೆ ಅದನ್ನು ಮಗನಿಗೇ ಒಪ್ಪಿಸಿದ್ದರು. ಚಿಕ್ಕದನ್ನು ಚೀಲಕ್ಕೆ ಹಾಕಲು ಮಗಳು ಕೈ ನೀಡಿದಳು. “ಇರಲಿ ಬಿಡು” ಎಂದು ಅವರು ಅದನ್ನು ಕೊರಳಲ್ಲೇ ಉಳಿಸಿಕೊಂಡರು. ಹಾದಿಯ ಬದಿಯಲ್ಲಿ ವಿಠ್ಠಲ ಬಜಾರಿನ ಮುರಿದ ಕಂಬಸಾಲು ಹಿಂದಕ್ಕೆ ಸರಿಯುತ್ತಿತ್ತು. ಅವರು ಅದನ್ನು ನೋಡಲಿಲ್ಲ. ಪಕ್ಕದಲ್ಲಿ ಕುಳಿತವರು ಮತ್ತೊಮ್ಮೆ ಸೆರಗು ಸರಿಪಡಿಸಿಕೊಳ್ಳುವುದನ್ನೇ ಕಾಯುತ್ತಿದ್ದರು.